115200: ಒಂದು ಹರಳು ಹಾಕಿದ ಬೇಲಿ

ಕೆಲವು ಸಂಖ್ಯೆಗಳ ಜೊತೆ ನಮಗೆ ಎಷ್ಟು ಸಲುಗೆ ಅಂದ್ರೆ, ಅವು ಎಲ್ಲಿಂದ ಬಂದವು ಅಂತ ಕೇಳೋದನ್ನೇ ಮರೆತಿರ್ತೀವಿ. ಮೊಬೈಲ್ ನಂಬರಿಗೆ ಹತ್ತು ಅಂಕಿ, ಪಿನ್‌ಕೋಡಿಗೆ ಆರು. ನನ್ನಂಥ ಸಾಫ್ಟ್‌ವೇರ್ ಕೂಲಿಗಳ ಪಾಲಿಗೆ ಅಂಥದ್ದೇ ಇನ್ನೊಂದು ಸಂಖ್ಯೆ 115200.

ರಾಸ್ಪ್‌ಬೆರಿ ಪೈ ಬೋರ್ಡಿಗೆ ಸೀರಿಯಲ್ ಕನ್ಸೋಲ್ ಜೋಡಿಸಿದರೆ 115200. ಬಹಳಷ್ಟು ರೌಟರ್‌ಗಳ ಮುಚ್ಚಳ ತೆಗೆದು ಒಳಗಿನ ಸೀರಿಯಲ್ ಪಿನ್ನುಗಳಿಗೆ ವೈರು ಸಿಕ್ಕಿಸಿದರೆ 115200. ಹೊಸ ಬೋರ್ಡ್ ಕೈಗೆ ಬಂದಾಗ ಅದರ ಮ್ಯಾನ್ಯುಅಲ್ ಓದೋ ಮೊದಲೇ ನನ್ನ ಬೆರಳುಗಳು ತಾವಾಗಿ ಟೈಪ್ ಮಾಡೋದು ಈ ಆರು ಅಂಕಿಗಳನ್ನೇ. ಸೆಕೆಂಡಿಗೆ ಇಷ್ಟು ಬಿಟ್‌ಗಳು ಅಂತ ಅರ್ಥ. ಸರಿ, ಆದ್ರೆ ಇದೇನು ವಿಚಿತ್ರ ಲೆಕ್ಕ? ಗುಂಡಾಗಿ ಒಂದು ಲಕ್ಷ ಅಲ್ಲ, ನಮ್ಮವರಿಗೆ ಪ್ರಿಯವಾದ ಎರಡರ ಘಾತವೂ ಅಲ್ಲ.

ಇದನ್ನೇ ಕೆದಕುತ್ತಾ ಹೋದಾಗ ಒಂದು ಸೊಗಸಾದ ಕಥೆ ಸಿಕ್ತು. ನಾನು ಹುಟ್ಟುವ ಹೊತ್ತಿಗೆ ಇದರ ಮುಕ್ಕಾಲು ಭಾಗ ಮುಗಿದೇ ಹೋಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಗಾದೆ ಹೇಳುತ್ತಲ್ಲ, ಆ ಕಾಲದ ಒಂದಷ್ಟು ಜನ ಕಾಲು ಮಡಚುವ ಬದಲು ಹಾಸಿಗೆಯನ್ನೇ ಉದ್ದ ಮಾಡಿದ್ದರು. ಅವರ ಆಯುಧ ಒಂದು ಸಾಲ್ಡರಿಂಗ್ ಐರನ್, ಒಂದು ಹರಳು, ಮತ್ತು "ಯಾಕಾಗಬಾರದು?" ಅನ್ನೋ ಪ್ರಶ್ನೆ.

ಮೊದಲು ಸ್ವಲ್ಪ ಲೆಕ್ಕ

(ಲೆಕ್ಕ ಅಂದ ತಕ್ಷಣ ಓಡಿಹೋಗಬೇಡಿ ಸ್ವಾಮಿ, ಎಲ್ಲಾ ಐದನೇ ಕ್ಲಾಸಿನ ಭಾಗಾಕಾರ!)

ಸೀರಿಯಲ್ ಪೋರ್ಟ್ ಅಂದರೆ ಬಿಟ್‌ಗಳು ಒಂದರ ಹಿಂದೆ ಒಂದು, ಒಂದೇ ತಂತಿಯಲ್ಲಿ ಸಾಲಾಗಿ ಹೋಗುವ ವ್ಯವಸ್ಥೆ. ಒಂದು ಬೈಟ್ ಕಳಿಸಬೇಕಾದರೆ ಮುಂದೆ ಒಂದು ಸ್ಟಾರ್ಟ್ ಬಿಟ್, ಹಿಂದೆ ಒಂದು ಸ್ಟಾಪ್ ಬಿಟ್, ನಡುವೆ ಎಂಟು ಬಿಟ್ ಮಾಲು. ಒಟ್ಟು ಹತ್ತು. ಹಾಗಾಗಿ ಸೆಕೆಂಡಿಗೆ 9600 ಬಿಟ್ ಅಂದರೆ 960 ಬೈಟ್, 115200 ಅಂದರೆ 11520 ಬೈಟ್. ಕನ್ನಡದಲ್ಲಿ ಬರೆಯುವ ನಮ್ಮಂಥವರಿಗೆ ಇನ್ನೊಂದು ಭಾಗಾಕಾರವೂ ಇದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಗೂ ಮೂರು ಬೈಟ್ ಬೇಕು. 9600ರ ತಂತಿಯಲ್ಲಿ ಸೆಕೆಂಡಿಗೆ 320 ಚಿಹ್ನೆ, 115200ರಲ್ಲಿ 3840.

ಈ ತಂತಿಯಲ್ಲಿ ಗಡಿಯಾರದ ಸಂಕೇತ ಹೋಗೋದಿಲ್ಲ. ಕಳಿಸುವವನಿಗೂ ಪಡೆಯುವವನಿಗೂ ಬೇರೆ ಬೇರೆ ಗಡಿಯಾರ. ಮೊದಲೇ "ಇಷ್ಟು ವೇಗ" ಅಂತ ಮಾತಾಡಿಕೊಂಡಿರಬೇಕು, ಅಷ್ಟೇ. ಪಡೆಯುವ ಚಿಪ್ಪು ಒಂದು ಬಿಟ್‌ನ ಅವಧಿಯನ್ನು 16 ತುಂಡು ಮಾಡಿ ಎಣಿಸುತ್ತದೆ. ಸ್ಟಾರ್ಟ್ ಬಿಟ್ ಕಂಡಾಗ ಎಣಿಕೆ ಶುರು, ಪ್ರತಿ ಬಿಟ್‌ನ ಸರಿ ಮಧ್ಯಕ್ಕೆ ಬಂದು ಇಣುಕಿ ನೋಡಿ ಸೊನ್ನೆಯೋ ಒಂದೋ ಅಂತ ಬರೆದುಕೊಳ್ಳುತ್ತೆ. ಹತ್ತು ಬಿಟ್‌ಗಳ ಓಟದಲ್ಲಿ ಅರ್ಧ ಬಿಟ್‌ಗಿಂತ ಕಡಿಮೆ ಜಾರಿದರೆ ಪರವಾಗಿಲ್ಲ. ಈ ಕೆಲಸ ಮಾಡುವ ಚಿಪ್ಪಿನ ಹೆಸರು ಯುಎಆರ್‌ಟಿ, ಬಾಯಿಮಾತಿನಲ್ಲಿ ಯೂಆರ್ಟ್.

1981ರ ಆಗಸ್ಟ್ 12ರಂದು ಬಿಡುಗಡೆಯಾದ ಐಬಿಎಂ ಪಿಸಿಯ ಸೀರಿಯಲ್ ಕಾರ್ಡಿನಲ್ಲಿ ಕೂತಿದ್ದ ಯೂಆರ್ಟ್ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ 8250. ಅದಕ್ಕೆ ಕೊಟ್ಟ ಗಡಿಯಾರ 1.8432 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 18,43,200 ಬಡಿತ. ಇದನ್ನು 16ರಿಂದ ಭಾಗಿಸಿ. ಬಂತಲ್ಲ 115200!

ಇಷ್ಟೇ ಗುಟ್ಟು. ಆ ಹರಳನ್ನು ಆರಿಸಿದ್ದರಲ್ಲೂ ಮಾಟ ಮಂತ್ರ ಏನಿಲ್ಲ. 115200ನ್ನು 384ರಿಂದ ಭಾಗಿಸಿದರೆ 300, 96ರಿಂದ 1200, 48ರಿಂದ 2400, 12ರಿಂದ 9600. ಅಂದು ಬಳಕೆಯಲ್ಲಿದ್ದ ಮುಖ್ಯ ವೇಗಗಳೆಲ್ಲ ಶೇಷವಿಲ್ಲದೆ ಬರ್ತಿದ್ದವು. ಭಾಜಕವನ್ನು ಚಿಪ್ಪಿನ ಒಂದು ರಿಜಿಸ್ಟರಿನಲ್ಲಿ ಬರೆದರೆ ಆಯ್ತು.

ಇಲ್ಲಿ ಗಮನಿಸಬೇಕಾದ ವಿಷಯ ಅಂದ್ರೆ, ಐಬಿಎಂ 115200ರ ಭರವಸೆ ಕೊಟ್ಟೇ ಇರಲಿಲ್ಲ. ಆ ಕಾರ್ಡಿಗೆ ಅವರು ಹೇಳಿದ ಮಿತಿ 9600. ಬಯಾಸ್ ಕೂಡ ಅಷ್ಟರಲ್ಲೇ ನಿಲ್ತಿತ್ತು. 8250ರ ಡೇಟಾಶೀಟೇ 56 ಸಾವಿರದವರೆಗೆ ಮಾತ್ರ ಹೊಣೆ ಹೊತ್ತಿತ್ತು. ಆರ್‌ಎಸ್-232 ಅನ್ನೋ ಮಾನಕವಂತೂ (ಅದರ 'ಸಿ' ಆವೃತ್ತಿ 1969ರದ್ದು) ಸೆಕೆಂಡಿಗೆ 20,000 ಬಿಟ್ ಸಾಕು ಅಂದಿತ್ತು. ಆದರೆ ಭಾಜಕದ ರಿಜಿಸ್ಟರಿನಲ್ಲಿ 12ರ ಬದಲು 1 ಅಂತ ಬರೆಯೋದನ್ನ ತಡೆಯುವವರು ಯಾರು? ಯಾರೋ ಬರೆದರು, ಓಡ್ತು. 1980ರ ದಶಕದಲ್ಲಿ ಎರಡು ಕಂಪ್ಯೂಟರಿನ ನಡುವೆ ಕೇಬಲ್ ಹಾಕಿ ಫೈಲ್ ಸಾಗಿಸುತ್ತಿದ್ದ ಲ್ಯಾಪ್‌ಲಿಂಕ್‌ನಂಥ ತಂತ್ರಾಂಶಗಳು 115200ರಲ್ಲೇ ಓಡಿದವು. ಅಂದರೆ ಇವತ್ತು ನಾವು "ಡೀಫಾಲ್ಟ್" ಅಂತ ಒಪ್ಪಿಕೊಂಡಿರುವ ವೇಗವೇ ಒಂದು ಕಾಲದಲ್ಲಿ ಬೇಲಿ ಹಾರಿದ್ದು!

ಅವಸರ ಯಾರಿಗಿತ್ತು?

ಮೋಡೆಮ್ ಇದ್ದವರಿಗೆ. ಫೋನ್ ಲೈನಿನಲ್ಲಿ ಕಂಪ್ಯೂಟರ್ ಮಾತಾಡಿಸುವವರಿಗೆ ಬಿಲ್ಲು ಬೀಳೋದು ನಿಮಿಷದ ಲೆಕ್ಕದಲ್ಲಿ. ಮೋಡೆಮ್‌ಗಳೇನೋ ವೇಗವಾಗುತ್ತಾ ಬಂದವು. 1991ರ ವಿ.32ಬಿಸ್ ಮಾನಕದಲ್ಲಿ 14400, 1994ರ ವಿ.34ರಲ್ಲಿ 28800, ಆಮೇಲೆ 33600. ಅದರ ಮೇಲೆ 1990ರಲ್ಲಿ ಬಂದ ವಿ.42ಬಿಸ್ ಅನ್ನೋ ಸಂಕೋಚನ ವಿಧಾನ ಬೇರೆ. ಸಾದಾ ಪಠ್ಯ ಸಿಕ್ಕರೆ ಅದನ್ನು ನಾಲ್ಕರಲ್ಲೊಂದು ಭಾಗಕ್ಕೆ ಹಿಂಡಿ ಕಳಿಸುವ ಸಾಮರ್ಥ್ಯ ಅದಕ್ಕಿತ್ತು. ಆ ಕಡೆ ಹಿಂಡಿದ್ದನ್ನು ಈ ಕಡೆ ಮೋಡೆಮ್ ಬಿಡಿಸಿ ಕಂಪ್ಯೂಟರಿಗೆ ಕೊಡಬೇಕಲ್ಲ? ಹಾಗಾಗಿ 14400ರ ಮೋಡೆಮ್ ಇದ್ದರೆ ಸೀರಿಯಲ್ ಪೋರ್ಟನ್ನು 57600ಕ್ಕೆ ಇಡಿ, 28800ರದ್ದಾದರೆ 115200ಕ್ಕೆ ಇಡಿ ಅನ್ನುವುದು ರೂಢಿಯಾಯ್ತು.

ನಮ್ಮಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದುಕೊಟ್ಟಾಗಲೂ ಮನೆಯ ಬಳಕೆದಾರರ ದಾರಿ ಇದೇ. ಫೋನ್ ಲೈನು, ಮೋಡೆಮ್ಮು, ಸೀರಿಯಲ್ ಪೋರ್ಟು. ಆ ಹಳೇ ಮೋಡೆಮ್ಮಿನ ಕಿರ್ರ್... ಕೂಂಯ್ಯ್... ಸಂಗೀತ ನಿಮ್ಮಲ್ಲಿ ಕೆಲವರ ಕಿವಿಯಲ್ಲಿ ಇನ್ನೂ ಇರಬೇಕು :-)

ತೊಂದರೆ ಎಲ್ಲಿ ಬಂತು ಅಂದ್ರೆ, ಮೋಡೆಮ್ ಕೊಡೋದಕ್ಕೆ ತಯಾರು, ಕಂಪ್ಯೂಟರಿಗೆ ತೆಗೆದುಕೊಳ್ಳೋದಕ್ಕೆ ಪುರುಸೊತ್ತಿಲ್ಲ.

ಮೊದಲನೇ ರಿಪೇರಿ: ಚಿಪ್ ಕಿತ್ತು ಚಿಪ್ ಹಾಕು

8250ರಲ್ಲಿ, ಅದರ ಚುರುಕಾದ ತಮ್ಮ 16450ರಲ್ಲೂ, ಬಂದ ಬೈಟ್ ಇಟ್ಟುಕೊಳ್ಳೋದಕ್ಕೆ ಒಂದೇ ಒಂದು ಜಾಗ. ಪೋಸ್ಟ್‌ಮ್ಯಾನ್ ಒಂದೊಂದೇ ಕಾಗದ ತಂದು ಬೆಲ್ ಮಾಡ್ತಾನೆ ಅಂದುಕೊಳ್ಳಿ. ನೀವು ಪ್ರತಿ ಸಲ ಎದ್ದು ಹೋಗಿ ಕೈಯಲ್ಲೇ ಇಸಿದುಕೊಳ್ಳಬೇಕು. ಮುಂದಿನ ಕಾಗದ ಬರೋದರೊಳಗೆ ನೀವು ಬಾಗಿಲಿಗೆ ಬರದಿದ್ದರೆ ಮೊದಲಿನದ್ದು ಚರಂಡಿ ಪಾಲು. ಈ ಬೆಲ್ಲಿಗೇ ಕಂಪ್ಯೂಟರ್ ಭಾಷೆಯಲ್ಲಿ ಇಂಟರಪ್ಟ್ ಅನ್ನೋದು, ಕಾಗದ ಕಳೆದುಹೋಗುವುದಕ್ಕೆ ಓವರ್‌ರನ್.

9600ರಲ್ಲಿ ಎರಡು ಬೆಲ್‌ಗಳ ನಡುವೆ ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಸಮಯ ಸಿಗುತ್ತೆ. 115200ರಲ್ಲಿ ಸಿಗೋದು ಬರೀ 87 ಮೈಕ್ರೋಸೆಕೆಂಡು. 4.77 ಮೆಗಾಹರ್ಟ್ಸ್‌ನ ಮೊದಲ ಪಿಸಿಯಲ್ಲಿ ಅದು ಸುಮಾರು 414 ಬಡಿತ. ಲ್ಯಾಪ್‌ಲಿಂಕ್‌ನಂಥ ಡಾಸ್ ತಂತ್ರಾಂಶಕ್ಕೆ ಫೈಲ್ ಸಾಗಿಸೋದು ಬಿಟ್ಟು ಬೇರೆ ಕೆಲಸ ಇರಲಿಲ್ಲ, ಬಾಗಿಲಲ್ಲೇ ಕೂತಿರ್ತಿತ್ತು, ನಡೀತಿತ್ತು. ಆದರೆ 1990ರ ವಿಂಡೋಸ್ 3.0, 1992ರ ವಿಂಡೋಸ್ 3.1 ಬಂದ ಮೇಲೆ ಕಂಪ್ಯೂಟರು ಏಕಕಾಲಕ್ಕೆ ನಾಲ್ಕು ಕೆಲಸ ಹಚ್ಚಿಕೊಂಡಿತು. ಡಿಸ್ಕಿನ ಕಡೆ ತಿರುಗಿದಾಗ, ಕಿಟಕಿ ಬಿಡಿಸುವಾಗ, ಬೆಲ್ ಕೇಳಿಸುತ್ತಿರಲಿಲ್ಲ. ಪ್ರೊಸೆಸರ್ ಹಳೆಯದಕ್ಕಿಂತ ಎಷ್ಟೋ ಪಟ್ಟು ವೇಗ, ಆದರೂ ಬೈಟ್‌ಗಳು ಕಾಣೆ! ಕಳೆದುಹೋದ ತುಂಡನ್ನು ಮತ್ತೆ ಕಳಿಸು ಅಂತ ಕೇಳಿ ಕೇಳಿ ಡೌನ್‌ಲೋಡ್ ಕುಂಟುತ್ತಿತ್ತು. ಫೋನ್ ಮೀಟರ್ ಮಾತ್ರ ಕುಂಟುತ್ತಿರಲಿಲ್ಲ.

ಇದಕ್ಕೆ ಮದ್ದು ನ್ಯಾಷನಲ್ ಸೆಮಿಕಂಡಕ್ಟರ್ ಹತ್ತಿರವೇ ಇತ್ತು. 16550 ಅನ್ನೋ ಹೊಸ ಯೂಆರ್ಟ್. ಪೋಸ್ಟ್‌ಮ್ಯಾನ್‌ಗೆ ಒಂದು ಡಬ್ಬಿ ಇಟ್ಟಂಗೆ, ಇದರಲ್ಲಿ 16 ಬೈಟ್ ಹಿಡಿಯುವ ಸಾಲು, ಅಂದರೆ ಫಿಫೋ. 1987ರ ಐಬಿಎಂ ಪಿಎಸ್/2 ಯಂತ್ರಗಳಲ್ಲಿ ಕಾಣಿಸಿಕೊಂಡ ಮೊದಲ 16550ರಲ್ಲಿ ಆ ಫಿಫೋನೇ ದೋಷದಿಂದ ಕೂಡಿತ್ತು. ಅದನ್ನು ತಿದ್ದಿ ಬಂದದ್ದು 16550ಎ. ಡಬ್ಬಿಯಲ್ಲಿ 1, 4, 8 ಅಥವಾ 14 ಕಾಗದ ಸೇರಿದಾಗ ಬೆಲ್ ಮಾಡು ಅಂತ ನಾವೇ ಹೇಳಬಹುದು. 14ಕ್ಕೆ ಇಟ್ಟರೆ 115200ರ ವೇಗದಲ್ಲೂ ಸೆಕೆಂಡಿಗೆ 11520 ಬೆಲ್‌ಗಳ ಬದಲು ಸುಮಾರು 823.

ಇನ್ನು ಇದರಲ್ಲಿ ಮಜಾ ಏನು ಗೊತ್ತಾ? 16550ಎ ಚಿಪ್ಪನ್ನು ಹಳೇ ಚಿಪ್ಪಿನ ಜಾಗದಲ್ಲೇ ಕೂರುವಂತೆ ಮಾಡಿದ್ದರು. ಅದೇ 40 ಕಾಲು, ಅದೇ ಜೋಡಣೆ. ವ್ಯತ್ಯಾಸ ಇದ್ದದ್ದು 24 ಮತ್ತು 29ನೇ ಕಾಲುಗಳಲ್ಲಿ ಮಾತ್ರ, ಅವನ್ನು ಸಾಮಾನ್ಯ ಕಾರ್ಡುಗಳು ಬಳಸುತ್ತಲೇ ಇರಲಿಲ್ಲ. ಕಾರ್ಡಿನಲ್ಲಿ ಚಿಪ್ಪು ಸಾಕೆಟ್ ಮೇಲೆ ಕೂತಿದ್ದರೆ ಅದೃಷ್ಟವಂತ. ಸಣ್ಣ ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆದು, ಹೊಸದನ್ನು ಗುರುತು ನೋಡಿ ಒತ್ತಿದರೆ ಮುಗೀತು. ನೇರ ಬೋರ್ಡಿಗೇ ಬೆಸೆದಿದ್ದರೆ ಒಂದೊಂದೇ ಕಾಲು ಕತ್ತರಿಸಿ, ತೂತು ಶುಚಿ ಮಾಡಿ, ಸಾಕೆಟ್ ಬೆಸೆದು, ಆಮೇಲೆ ಚಿಪ್ಪು. ಕೆಲವು ಕಾರ್ಡುಗಳಲ್ಲಿ ಎರಡು ಯೂಆರ್ಟ್, ಪ್ರಿಂಟರ್ ಪೋರ್ಟ್ ಎಲ್ಲಾ ಒಂದೇ ದೊಡ್ಡ ಚಿಪ್ಪಿನೊಳಗೆ ತುಂಬಿರುತ್ತಿತ್ತು. ಅಂಥವರಿಗೆ ಈ ದಾರಿ ಬಂದ್.

ಚಿಪ್ ಬದಲಾಯಿಸಿದ ಮಾತ್ರಕ್ಕೆ ಕೆಲಸ ಆಗ್ತಿರಲಿಲ್ಲ. ಕರೆಂಟ್ ಬಂದಾಗ 16550ಎ ಎದ್ದೇಳೋದು ಹಳೇ 16450ರ ವೇಷದಲ್ಲಿ, ಫಿಫೋ ಮುಚ್ಚಿಕೊಂಡು. ಹಳೇ ತಂತ್ರಾಂಶಕ್ಕೆ ಗಾಬರಿ ಆಗಬಾರದು ಅಂತ. ಡ್ರೈವರ್ ಬಂದು "ಡಬ್ಬಿ ತೆಗಿ" ಅಂತ ಒಂದು ರಿಜಿಸ್ಟರಿನಲ್ಲಿ ಬರೆದರೆ ಮಾತ್ರ ತೆರೆಯುತ್ತೆ. ವಿಂಡೋಸ್‌ನ ಸಿಸ್ಟಮ್.ಐಎನ್‌ಐ ಫೈಲಿನಲ್ಲಿ ಪೋರ್ಟಿಗೊಂದು ಫಿಫೋ ಸಾಲು ಸೇರಿಸೋದು, ಸೀರಿಯಲ್ ಡ್ರೈವರನ್ನೇ ಬೇರೆ ಹಾಕಿಕೊಳ್ಳೋದು, ಇವೆಲ್ಲ ಅದಕ್ಕೇ.

ಎರಡನೇ ರಿಪೇರಿ: ಹರಳನ್ನೇ ಬದಲಿಸು

ಮೇಲಿನದ್ದು ಕಳೆದುಹೋಗೋದನ್ನ ತಡೆಯುವ ರಿಪೇರಿ. 115200ರ ಬೇಲಿ ಅಲ್ಲೇ ಇತ್ತು. ಅದರಾಚೆ ಹೋಗಬೇಕು ಅನ್ನಿಸಿದ್ದು ಮುಖ್ಯವಾಗಿ ಐಎಸ್‌ಡಿಎನ್ ಬಂದಾಗ.

ಐಎಸ್‌ಡಿಎನ್ ಲೈನಿನಲ್ಲಿ 64 ಸಾವಿರ ಬಿಟ್‌ಗಳ ಎರಡು ಚಾನಲ್ ಸೇರಿಸಿದರೆ 128 ಸಾವಿರ. ಅಲ್ಲಿ ಸ್ಟಾರ್ಟ್, ಸ್ಟಾಪ್ ಬಿಟ್‌ಗಳ ಹೊರೆ ಇಲ್ಲ, ಹಾಗಾಗಿ ಸೆಕೆಂಡಿಗೆ 16000 ಬೈಟ್. ಅದೇ 16000 ಬೈಟನ್ನು ಸೀರಿಯಲ್ ಪೋರ್ಟಿನಲ್ಲಿ ಸಾಗಿಸಲು 1,60,000 ಬಿಟ್ ವೇಗ ಬೇಕು. ಪೋರ್ಟ್ ನಿಲ್ಲೋದು 115200ಕ್ಕೆ, ಅಂದರೆ 11520 ಬೈಟ್. ತಿಂಗಳಾ ತಿಂಗಳಾ ದುಡ್ಡು ಕೊಟ್ಟು ತಗೊಂಡ ಲೈನಿನ ನೂರಕ್ಕೆ 28 ಭಾಗ ಕಂಪ್ಯೂಟರಿನ ಹಿಂಭಾಗದ ಕನೆಕ್ಟರ್ ಹತ್ತಿರ ನಿಂತುಹೋಗ್ತಿತ್ತು. ಹೊಟ್ಟೆ ಉರಿಯಲ್ವಾ?

ದುಡ್ಡಿದ್ದವರು ವೇಗದ ಸೀರಿಯಲ್ ಕಾರ್ಡ್ ಕೊಂಡರು. ಆ ಕಾರ್ಡುಗಳಲ್ಲಿ ಬಹಳಷ್ಟರ ಒಳಗುಟ್ಟು ಏನು ಅಂದರೆ, ಅದೇ ಜಾತಿಯ ಯೂಆರ್ಟ್, ವೇಗದ ಗಡಿಯಾರ. ಹಾಗಾದ್ರೆ ನಾವೇ ಯಾಕೆ ಹಾಕಬಾರದು ಅಂದರು ಉಳಿದವರು. ಹಳೇ ಕಾರ್ಡಿನ 1.8432ರ ಹರಳು ಬಿಚ್ಚಿ 3.6864 ಹಾಕಿದರೆ ಎರಡು ಪಟ್ಟು, 230400. 7.3728 ಹಾಕಿದರೆ ನಾಲ್ಕು ಪಟ್ಟು, 460800. (ಕೆಲವು ಕಾರ್ಡುಗಳಲ್ಲಿ 18.432ರ ಹರಳು ಇಟ್ಟು ಹತ್ತರಿಂದ ಭಾಗಿಸುತ್ತಿದ್ದರು, ಅಲ್ಲಿ ಹರಳಿನ ಬದಲು ಭಾಗಿಸುವ ಚಿಪ್ಪಿನ ಜಾಡು ಹುಡುಕಬೇಕಿತ್ತು.)

ತಮಾಷೆ ಶುರುವಾಗೋದು ಇದರ ನಂತರ. ಹರಳು ಬದಲಾದದ್ದು ತಂತ್ರಾಂಶಕ್ಕೆ ಗೊತ್ತೇ ಆಗೋದಿಲ್ಲ! ಅದು 1981ರ ಲೆಕ್ಕವನ್ನೇ ನಂಬಿಕೊಂಡು ಭಾಜಕ ಬರೆಯುತ್ತೆ. ನಾಲ್ಕು ಪಟ್ಟಿನ ಹರಳು ಹಾಕಿದ ಮೇಲೆ "57600" ಅಂತ ಕೇಳಿದರೆ ತಂತಿಯಲ್ಲಿ ಓಡೋದು 230400. "9600" ಅಂದರೆ 38400. ನಿಜವಾದ 9600 ಬೇಕು ಅಂದರೆ "2400" ಅಂತ ಕೇಳಬೇಕು. ಬಹಳಷ್ಟು ಕಾರ್ಡುಗಳಲ್ಲಿ ಎರಡು ಪೋರ್ಟಿಗೂ ಒಂದೇ ಹರಳು. ಇನ್ನೊಂದರಲ್ಲಿ ಮೌಸ್ ಇದ್ದರೆ ಮುಗೀತು ಕಥೆ. ಸೀರಿಯಲ್ ಮೌಸ್ ಮಾತಾಡೋದು 1200ರಲ್ಲಿ, ಅದರ ಡ್ರೈವರ್ 96 ಅನ್ನೋ ಭಾಜಕ ಬರೆಯುತ್ತೆ, ಪೋರ್ಟ್ 4800ರಲ್ಲಿ ಕಿವಿ ಕೊಟ್ಟು ಕೂರುತ್ತೆ. ಮೌಸು ಎತ್ತ ಎಳೆದರೂ ಬಾಣ ಅಲುಗಾಡಲ್ಲ. ಮೌಸಿಗೆ ಬೇರೆ ಕಾರ್ಡು ಹುಡುಕಬೇಕು.

ಇಷ್ಟಾದ ಮೇಲೆ ಗೆದ್ದೆವು ಅನ್ನೋ ಹಾಗೂ ಇಲ್ಲ. ಒಂದು ಬೇಲಿ ತೆಗೆದರೆ ಅದರ ಹಿಂದೆ ಇನ್ನೊಂದು. ಯೂಆರ್ಟ್‌ನ ಐದು ವೋಲ್ಟ್ ಸಂಕೇತವನ್ನು ಆರ್‌ಎಸ್-232ರ ದೊಡ್ಡ ವೋಲ್ಟೇಜಿಗೆ ಏರಿಸುವ ಡ್ರೈವರ್ ಚಿಪ್ಪು 1488, ಬಂದದ್ದನ್ನು ವಾಪಸ್ ಇಳಿಸುವ ಚಿಪ್ಪು 1489 ಅಂತ ಇವೆ. ಸಂಕೇತ ಎಷ್ಟು ಬೇಗ ಏರಿಳಿಯಬಹುದು ಅನ್ನೋದಕ್ಕೆ ಮಾನಕವೇ ಮೈಕ್ರೋಸೆಕೆಂಡಿಗೆ 30 ವೋಲ್ಟ್ ಅಂತ ಮಿತಿ ಹಾಕಿದೆ, ಪಕ್ಕದ ತಂತಿಗಳಿಗೆ ತೊಂದರೆ ಆಗದಿರಲಿ ಅಂತ. 460800ರಲ್ಲಿ ಒಂದು ಬಿಟ್‌ನ ಆಯುಷ್ಯ 2.17 ಮೈಕ್ರೋಸೆಕೆಂಡ್. ಉದ್ದದ ಕೇಬಲ್ಲು, ಕಾರ್ಡಿನ ಮೇಲೆ ಗದ್ದಲ ತಡೆಯಲು ಹಾಕಿದ ಪುಟ್ಟ ಕೆಪಾಸಿಟರುಗಳು ಸೇರಿಕೊಂಡರೆ ಚೌಕಾಕಾರದ ಅಲೆ ಬೆಣ್ಣೆಯಂತೆ ಕರಗಿ ದುಂಡಗಾಗುತ್ತೆ. ಹವ್ಯಾಸಿಗಳಿಗೆ ಪ್ರಿಯವಾದ ಮ್ಯಾಕ್ಸ್232 ಚಿಪ್ಪಿನ ಡೇಟಾಶೀಟ್ ಹೇಳೋದೂ 120 ಸಾವಿರ ಬಿಟ್ ಅಂತಲೇ. ಹಾಗಾಗಿ ಕೇಬಲ್ ಗಿಡ್ಡ ಮಾಡು, ಲೈನ್ ಡ್ರೈವರ್ ಬದಲಿಸು.

ಅದನ್ನೂ ದಾಟಿದರೆ ಮತ್ತೆ ಫಿಫೋ. 14ಕ್ಕೆ ಬೆಲ್ ಇಟ್ಟರೆ ಉಳಿಯೋದು ಎರಡು ಬೈಟಿನ ಜಾಗ. 115200ರಲ್ಲಿ ಅದು 174 ಮೈಕ್ರೋಸೆಕೆಂಡಿನ ಸಮಾಧಾನ, 460800ರಲ್ಲಿ 43. ಅದಕ್ಕೇ ಮುಂದೆ 32 ಬೈಟಿನ 16650, 64ರ 16750, 128ರ 16950 ಬಂದವು.

ಇದು ಪಿಸಿಯವರ ಹುಚ್ಚು ಮಾತ್ರ ಅಲ್ಲ

ಕಮೊಡೋರ್ 64ಕ್ಕೆ ಬಂದ ಸ್ವಿಫ್ಟ್‌ಲಿಂಕ್ ಅನ್ನೋ ಕಾರ್ಟ್ರಿಜ್ ನೋಡಿ. ಒಳಗಿರೋದು 6551 ಅನ್ನೋ ಸೀರಿಯಲ್ ಚಿಪ್ಪು. ಅದರ ತಯಾರಕರು 1.8432ರ ಹರಳು ಹಾಕಿ, 19200 ಸಿಗುತ್ತೆ ಅಂದಿದ್ದರು. ಸ್ವಿಫ್ಟ್‌ಲಿಂಕ್ ಮಾಡಿದವರು 3.6864 ಹಾಕಿದರು, 38400 ಸಿಕ್ಕಿತು. ಅದೇ ಉಪಾಯ, ಆದರೆ ಇಲ್ಲಿ ಮಾರಾಟದ ಸರಕಾಗಿ.

ಆಪಲ್ 2ರ ಸೂಪರ್ ಸೀರಿಯಲ್ ಕಾರ್ಡಿನಲ್ಲೂ ಇದೇ 6551. ಅದರಲ್ಲಿ ವೇಗ ಆರಿಸುವ ನಾಲ್ಕು ಬಿಟ್‌ಗಳನ್ನು ಸೊನ್ನೆ ಮಾಡಿದರೆ ಒಳಗಿನ ಭಾಗಾಕಾರವನ್ನೇ ಬಿಟ್ಟು ಗಡಿಯಾರವನ್ನು ನೇರವಾಗಿ 16ರಿಂದ ಭಾಗಿಸಿಕೊಳ್ಳುತ್ತೆ. ಫಲ, 115200! ಸಾಲ್ಡರಿಂಗ್ ಐರನ್ ಬಿಸಿ ಮಾಡುವ ಕಷ್ಟವೂ ಇಲ್ಲ. ಎಡಿಟಿ-ಪ್ರೋ ಅನ್ನೋ ತಂತ್ರಾಂಶ ಬಳಸಿ ಹಳೇ ಆಪಲ್ ಫ್ಲಾಪಿಗಳನ್ನು ಉಳಿಸಿಕೊಳ್ಳುವವರಿಗೆ ಈ ವೇಗ ಇಂದೂ ಉಪಯೋಗಕ್ಕೆ ಬರುತ್ತೆ.

ಅಟಾರಿ ಎಸ್‌ಟಿಯ (1985) ಕಥೆ ಇನ್ನೂ ಸ್ವಾರಸ್ಯ. ಅದರಲ್ಲಿ 68901 ಅನ್ನೋ ಬಹುಕೆಲಸದ ಚಿಪ್ಪು. 2.4576 ಮೆಗಾಹರ್ಟ್ಸ್ ಗಡಿಯಾರವನ್ನು ಅದರೊಳಗಿನ ಒಂದು ಟೈಮರ್ ಕನಿಷ್ಠ ಎಂಟರಿಂದ ಭಾಗಿಸುತ್ತೆ, ಆಮೇಲೆ ಸೀರಿಯಲ್ ಭಾಗ 16ರಿಂದ. ಕೈಗೆ ಬರೋದು 19200, ಅದಕ್ಕಿಂತ ಮೇಲಿಲ್ಲ. ಜರ್ಮನಿಯ ಅಟಾರಿ ಹವ್ಯಾಸಿಗಳು ಏನು ಮಾಡಿದರು ಅಂದರೆ, ಟೈಮರಿನಿಂದ ಸೀರಿಯಲ್ ಭಾಗಕ್ಕೆ ಹೋಗುವ ಜಾಡನ್ನೇ ಕತ್ತರಿಸಿ, ಅಲ್ಲಿಗೆ ಒಂದು ಪುಟ್ಟ ಬೋರ್ಡಿನಿಂದ ವೇಗದ ಗಡಿಯಾರ ತಂದು ಬೆಸೆದರು. 38400, 57600, 115200 ಎಲ್ಲಾ ಸಿಕ್ಕವು. ಈ ಹೊಸ ವೇಗಗಳು ಎಸ್‌ಟಿಯ ಪಟ್ಟಿಯಲ್ಲಿ ಇರಲಿಲ್ಲವಲ್ಲ, ಹಾಗಾಗಿ ಯಾರೂ ಬಳಸದ ಹಳೇ ನಿಧಾನ ವೇಗಗಳ ಹೆಸರನ್ನು ಅವಕ್ಕೆ ಕೊಟ್ಟರು.

ಸುಳ್ಳು ಹೇಳಿ ನಿಜ ಓಡಿಸಿದ್ದು

ಹೆಸರೊಂದು, ವೇಗ ಇನ್ನೊಂದು. ಲಿನಕ್ಸ್ ಬಳಸುವ ನನಗೆ ಇಲ್ಲಿ ಒಂದು ಹಳೇ ಒಗಟು ಬಿಡಿಸಿಕೊಳ್ತು. ಸೆಟ್‌ಸೀರಿಯಲ್ ಅನ್ನೋ ಕಮಾಂಡಿನ ಮ್ಯಾನ್ಯುಅಲ್ ಪುಟದಲ್ಲಿ ಎಸ್‌ಪಿಡಿ_ಹೈ, ಎಸ್‌ಪಿಡಿ_ವಿಹೈ ಅನ್ನೋ ಆಯ್ಕೆಗಳಿವೆ. ಅರ್ಥ ಏನು ಗೊತ್ತಾ? "ತಂತ್ರಾಂಶ 38400 ಕೇಳಿದರೆ 57600 ಕೊಡು", "38400 ಕೇಳಿದರೆ 115200 ಕೊಡು". ಎಸ್‌ಪಿಡಿ_ಎಸ್‌ಹೈ ಅಂದರೆ 230400, ಎಸ್‌ಪಿಡಿ_ವಾರ್ಪ್ ಅಂದರೆ 460800. ಓದಿದಾಗಲೆಲ್ಲ ಇದೆಂಥ ತಲೆಕೆಟ್ಟ ವ್ಯವಸ್ಥೆ ಅನ್ನಿಸ್ತಿತ್ತು.

ಯುನಿಕ್ಸ್ ಜಗತ್ತಿನ ಪೋಸಿಕ್ಸ್ ಮಾನಕದಲ್ಲಿ ವೇಗದ ಪಟ್ಟಿ 38400ಕ್ಕೇ ಮುಗಿದಿತ್ತು, ಅದಕ್ಕೆ ತಕ್ಕ ಹಾಗೆ ಬರೆದ ತಂತ್ರಾಂಶಗಳಿಗೆ ಅದಕ್ಕಿಂತ ದೊಡ್ಡ ಸಂಖ್ಯೆ ಹೇಳೋ ಬಾಯೇ ಇರಲಿಲ್ಲ. ತಂತ್ರಾಂಶವನ್ನು ತಿದ್ದೋದಕ್ಕಿಂತ ಅದಕ್ಕೆ ಸುಳ್ಳು ಹೇಳೋದು ಸುಲಭ. ಅದೇ ಕಮಾಂಡಿನ 'ಬಾಡ್_ಬೇಸ್' ಅನ್ನೋ ಆಯ್ಕೆ ಇರೋದು, ಹರಳು ಬದಲಾಗಿದೆ ಅಂತ ಕರ್ನಲ್‌ಗೆ ನಿಜ ಹೇಳೋದಕ್ಕೆ. ಒಂದು ಪುಟ್ಟ ಕಮಾಂಡಿನ ಒಂದೊಂದು ಆಯ್ಕೆಯ ಹಿಂದೆಯೂ ಯಾರದೋ ಮನೆಯ ಮೇಜಿನ ಮೇಲೆ ಬಿಚ್ಚಿಟ್ಟ ಕಾರ್ಡು ಕಾಣಿಸೋ ಹಾಗಾಯ್ತು ನನಗೆ.

ಕಾಲೇಜಿನ ಮೈಕ್ರೋಪ್ರೊಸೆಸರ್ ಲ್ಯಾಬಿನಲ್ಲಿ ನಾವೂ ಸೀರಿಯಲ್ ಚಿಪ್ಪಿನ ಕಂಟ್ರೋಲ್ ವರ್ಡ್ ಬಾಯಿಪಾಠ ಮಾಡಿ ವೈವಾದಲ್ಲಿ ಒಪ್ಪಿಸಿದ್ದೆವು. ಯಾವ ಬಿಟ್‌ಗೆ ಏನು ಅಂತ ಕೇಳಿದರು. ಆ ಸಂಖ್ಯೆ ಯಾಕೆ ಅಷ್ಟೇ ಅಂತ ಯಾರೂ ಕೇಳಲಿಲ್ಲ, ಹೇಳಲೂ ಇಲ್ಲ. ಈ ಪ್ರಶ್ನೆ ಕೇಳಿದವರು ಸಿಲಬಸ್ ಹೊರಗಿದ್ದರು ಅನ್ಸುತ್ತೆ!

ಸಾಕೆಟ್ ಮಾಯವಾದ ಮೇಲೆ

1990ರ ದಶಕ ಮುಗಿಯುವಷ್ಟರಲ್ಲಿ ಯೂಆರ್ಟ್ ಅನ್ನೋ ಬಿಡಿ ಚಿಪ್ಪು ಪಿಸಿಯಲ್ಲಿ ಕಾಣೆಯಾಯ್ತು. ಫ್ಲಾಪಿ, ಪ್ರಿಂಟರ್, ಸೀರಿಯಲ್ ಎಲ್ಲಾ ಸೇರಿ ಸೂಪರ್ ಐ/ಓ ಅನ್ನೋ ಒಂದೇ ಚಿಪ್ಪಾಗಿ ಮದರ್‌ಬೋರ್ಡಿಗೆ ಅಂಟಿಕೊಂಡವು. ಮೀಟಿ ತೆಗೆಯಲು ಸಾಕೆಟ್ ಇಲ್ಲ, ಬದಲಿಸಲು 1.8432ರ ಹರಳೂ ಇಲ್ಲ. ಇಂಥ ಬಹಳಷ್ಟು ಚಿಪ್ಪುಗಳಲ್ಲಿ 24 ಮೆಗಾಹರ್ಟ್ಸ್ ಗಡಿಯಾರವನ್ನು 13ರಿಂದ ಭಾಗಿಸಿ 1.846 ಮಾಡಿಕೊಳ್ತಾರೆ. ನಿಖರ ಅಲ್ಲ, ಆದರೆ ತಪ್ಪು ನೂರಕ್ಕೆ 0.16 ಅಷ್ಟೇ, ಅರ್ಧ ಬಿಟ್‌ನ ಸಲಿಗೆಯೊಳಗೇ ಇದೆ. ಹರಳು ಹೋದರೂ 1981ರ ಆ ಸಂಖ್ಯೆಯನ್ನು ನಟಿಸಲೇಬೇಕು ನೋಡಿ!

ಅಲ್ಲಿಗೂ ಜನ ಸುಮ್ಮನಾಗಲಿಲ್ಲ. ಡೇಟಾಶೀಟ್ ಜಾಲಾಡಿದರು. ಎಸ್‌ಎಂಎಸ್‌ಸಿ ಕಂಪನಿಯ ಚಿಪ್ಪುಗಳಿಗೆ ಭಾಜಕದ ಜಾಗದಲ್ಲಿ ಹೆಕ್ಸ್ 8002 ಬರೆದರೆ 230400, 8001 ಬರೆದರೆ 460800 ಬರುತ್ತೆ. ನ್ಯಾಷನಲ್‌ನ ಕೆಲವು ಚಿಪ್ಪುಗಳಲ್ಲಿ ಒಂದು ರಿಜಿಸ್ಟರ್ ಮುಟ್ಟಿದರೆ 24ನ್ನು 13ರ ಬದಲು 1.625ರಿಂದ ಭಾಗಿಸುತ್ತೆ, ಅಂದರೆ ಎಂಟು ಪಟ್ಟು, 921600. ಈ ಎರಡೂ ಲಿನಕ್ಸ್ ಕರ್ನಲ್‌ನ 8250 ಡ್ರೈವರಿನೊಳಗೆ ಸೇರಿಕೊಂಡಿವೆ. ಹೌದು, ಡ್ರೈವರಿನ ಹೆಸರು ಇನ್ನೂ 8250! ಆ ಚಿಪ್ಪನ್ನು ಕಣ್ಣಾರೆ ಕಾಣದ ನನ್ನಂಥವರೂ ಬೂಟ್ ಸಂದೇಶದಲ್ಲಿ ಅದರ ಹೆಸರು ಓದ್ತಾನೇ ಇರ್ತೀವಿ.

ಆದ್ರೆ ಇಲ್ಲಿ ಒಂದು ವಿಷಯ ಕೈಬಿಟ್ಟುಹೋಯ್ತು ಅನ್ನಿಸುತ್ತೆ. ಸಾಕೆಟ್ ಇದ್ದ ಕಾಲದಲ್ಲಿ ಬೇಲಿ ಕಣ್ಣಿಗೆ ಕಾಣ್ತಿತ್ತು. ಬೆಳ್ಳಿ ಬಣ್ಣದ ಡಬ್ಬಿ, ಮೇಲೆ 1.8432 ಅಂತ ಬರೆದಿದೆ. ಇದೇ ನನ್ನನ್ನು ತಡೆಯುತ್ತಿರೋದು ಅಂತ ಬೆರಳಿಟ್ಟು ತೋರಿಸಬಹುದಿತ್ತು. ಎಂಜಿನಿಯರಿಂಗ್ ಓದದವರೂ ಅಂಗಡಿಯಿಂದ ಇನ್ನೊಂದು ತಂದು ಹಾಕಬಹುದಿತ್ತು. ಬೇಲಿ ಚಿಪ್ಪಿನೊಳಗೆ ಹೋದ ಮೇಲೆ ಡೇಟಾಶೀಟ್ ಸಿಕ್ಕಿದರುಂಟು, ಇಲ್ಲದಿದ್ದರೆ ಇಲ್ಲ. ಡೇಟಾಶೀಟೇ ಹೊರಗೆ ಕೊಡದ ಚಿಪ್ಪುಗಳ ಜೊತೆ ದಿನಾ ಕೆಲಸ ಮಾಡುವ ನನಗೆ ಇದು ಬರೀ ಇತಿಹಾಸ ಅಲ್ಲ. "ಇದು ಇಷ್ಟೇ ಆಗೋದು" ಅಂತ ಯಾರಾದರೂ ಹೇಳಿದಾಗ, ಆಗಲ್ಲ ಅನ್ನುವುದು ಪ್ರಕೃತಿಯೋ, ಯಾರೋ ಒಬ್ಬರು ಅಂದು ಅಗ್ಗಕ್ಕೆ ಸಿಕ್ಕಿತು ಅಂತ ಆರಿಸಿಕೊಂಡ ಬಿಡಿಭಾಗವೋ ಅಂತ ತಿಳಿಯುವ ದಾರಿಯಾದರೂ ಇರಬೇಕು.

ಕೊನೆಗೊಂದು ಉಪ್ಪಿನಕಾಯಿ

ಯುಎಸ್‌ಬಿ ಬಂದ ಮೇಲೆ ವೇಗದ ಹಸಿವು ತೀರಿತು. ಎಫ್‌ಟಿ232ಆರ್‌ನಂಥ ಯುಎಸ್‌ಬಿ-ಸೀರಿಯಲ್ ಚಿಪ್ಪು 30 ಲಕ್ಷ ಬಾಡ್‌ವರೆಗೂ ಹೋಗುತ್ತೆ. ಆದರೂ ಎಲ್ಲರೂ ನಿಲ್ಲೋದು 115200ರಲ್ಲೇ, ಬೇಲಿ ತೆಗೆದ ಮೇಲೂ ಹಳೇ ದಾರಿಯಲ್ಲೇ ಓಡಾಡುವ ದನಗಳ ಹಾಗೆ :-)

ಹರಳಿನ ಆಟವೂ ಪೂರ್ತಿ ಮುಗಿದಿಲ್ಲ. ಇಎಸ್‌ಪಿ8266 ಅನ್ನೋ ಅಗ್ಗದ ವೈಫೈ ಚಿಪ್ಪು ಬಳಸಿದವರಿಗೆ ಗೊತ್ತಿರುತ್ತೆ, ಆನ್ ಮಾಡಿದ ತಕ್ಷಣ ಅದು ಒಂದಷ್ಟು ಕಸದಂಥ ಅಕ್ಷರ ಕಕ್ಕುತ್ತೆ. ವೇಗವನ್ನು 74880ಕ್ಕೆ ಇಟ್ಟು ನೋಡಿದರೆ ಅದೇ ಕಸ ಚೆಂದದ ಬೂಟ್ ಸಂದೇಶ! 74880 ಅನ್ನೋ ವೇಗ ಯಾವ ಪಟ್ಟಿಯಲ್ಲಿದೆ? ಎಲ್ಲೂ ಇಲ್ಲ. ಆ ಚಿಪ್ಪಿನ ಒಳಗಿನ ಬೂಟ್ ಪ್ರೋಗ್ರಾಮ್ 40 ಮೆಗಾಹರ್ಟ್ಸ್ ಹರಳು ಇದೆ ಅಂದುಕೊಂಡು 115200ಕ್ಕೆ ಲೆಕ್ಕ ಹಾಕುತ್ತೆ. ಬೋರ್ಡಿನ ಮೇಲೆ ಕೂರಿಸಿರೋದು 26ರ ಹರಳು. 115200 ಗುಣಿಸು 26, ಭಾಗಿಸು 40. ಮಾಡಿ ನೋಡಿ. ಹರಳು ಬದಲಾದದ್ದು ತಂತ್ರಾಂಶಕ್ಕೆ ಗೊತ್ತಾಗೋದಿಲ್ಲ ಅಂತ ಆಗಲೇ ಹೇಳಿದ್ದೆನಲ್ಲ, ಅದೇ ಕಥೆ!

ನಿಮ್ಮ ಮನೆಯ ಅಟ್ಟದ ಮೇಲೆ ಹಳೇ 386, 486 ಕಂಪ್ಯೂಟರಿನ ಅವಶೇಷ ಇದ್ದರೆ ಗುಜರಿಗೆ ಹಾಕೋ ಮೊದಲು ಅದರ ಐ/ಓ ಕಾರ್ಡ್ ಒಮ್ಮೆ ತಿರುಗಿಸಿ ನೋಡಿ. 40 ಕಾಲಿನ ಚಿಪ್ಪು ಸಾಕೆಟ್ ಮೇಲೆ ಕೂತಿದೆಯಾ? ಅದರ ಮೇಲೆ ಏನಂತ ಬರೆದಿದೆ? ಪಕ್ಕದ ಹರಳಿನ ಮೇಲೆ? ಸಿಕ್ಕಿದರೆ ನನಗೂ ಹೇಳಿ. 8250ನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡೋ ಆಸೆ ಇದೆ.